ಕತ್ತರಿ ಕಾಣದ ಮೈಗೂದಲು

ಕ್ಲೆಮೆಂಟ್ ರಶ್‌ವರ್ತ್ ಸಗ್ಡನ್, ವಯಸ್ಸು ಎಪ್ಪತ್ತಾರು. ಉಣ್ಣೆ ವಿಂಗಡಿಸುವ ಕಸುಬಿನಿಂದ ನಿವೃತ್ತರು. ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಆಲಿಸ್‌ಳ ಗಂಡ, ಗಿರಣಿಯಲ್ಲಿ ಬಟ್ಟೆ ತಿದ್ದುವ ನೋರಾಳ ತಂದೆ, ಮತ್ತು ಒಂದರ ತರುವಾಯ ಒಂದರಂತೆ ನಾಲ್ಕು ಏರ್‌ಡೇಲ್ ಹೆಣ್ಣುನಾಯಿಗಳ ಯಜಮಾನರು. ನಾಲ್ಕಕ್ಕೂ ನೆಲ್ ಎಂಬ ಒಂದೇ ಹೆಸರು. ಅವರನ್ನು ಮೊದಲ ಸಲ ಕಂಡವರಿಗೆ ಅವರ ಮುಖ ನೆನಪಿನಲ್ಲಿ ಉಳಿಯುತ್ತಿರಲಿಲ್ಲ, ಬೆರಳುಗಳು ಉಳಿಯುತ್ತಿದ್ದವು. ಏಕೆಂದರೆ ಕೈಕುಲುಕುವ ಮುನ್ನವೇ ಅವರು ಎದುರಿನವರ ತೋಳಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣನ್ನು ಬೇರೆಲ್ಲೋ ನೆಟ್ಟು, ನಿಧಾನವಾಗಿ ಉಜ್ಜಿ ನೋಡುತ್ತಿದ್ದರು, ಮಾತು ಆಮೇಲೆ. ನಮ್ಮ ಪ್ರಾರ್ಥನಾಲಯಕ್ಕೆ ಹೊಸದಾಗಿ ಬಂದ ಪಾದ್ರಿಯವರು ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದಾಗ ಸಗ್ಡನ್ನರು ಅವರ ಕರಿಯ ಕೋಟಿನ ಅಂಚನ್ನು ಹಿಡಿದು, "ಇದು ಕುರಿಯ ಭುಜದ್ದಲ್ಲ, ಹಿಂಗಾಲಿಂದು. ಮೋಸ ಹೋಗಿದ್ದೀರಿ ಸ್ವಾಮಿ," ಎಂದು ಹೇಳಿ ಒಳಗೆ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಆ ಪಾದ್ರಿಗಳು ನಮ್ಮಲ್ಲಿ ಒಂಬತ್ತು ವರ್ಷ ಇದ್ದರು. ಆ ಕೋಟನ್ನು ಎರಡನೆಯ ಸಲ ಯಾರೂ ಕಾಣಲಿಲ್ಲ.

ನಲವತ್ತೆಂಟು ವರ್ಷ ಅವರು ಬಿಂಗ್ಲಿಯ ಗಿರಣಿಯೊಂದರಲ್ಲಿ ಉತ್ತರಕ್ಕೆ ತೆರೆದ ಕಿಟಕಿಗಳ ಕೆಳಗೆ ನಿಂತು ಕುರಿಯ ಉಣ್ಣೆಯನ್ನು ಬಿಡಿಸಿದವರು. ಒಂದೇ ಕುರಿಯ ಮೈಯ ಉಣ್ಣೆ ಒಂದೇ ಬಗೆಯದಲ್ಲ. ಭುಜದ್ದು ನವಿರು, ಪಕ್ಕೆಯದು ಮಧ್ಯಮ, ತೊಡೆಯದು ಒರಟು. ಆ ಎಲ್ಲೆಗಳನ್ನು ಕಣ್ಣು ಕಾಣುವುದಕ್ಕಿಂತ ಮೊದಲು ಬೆರಳು ಕಾಣಬೇಕು. ಆ ಬೆರಳುಗಳೇ ಅವರಿಗೆ ಅನ್ನವನ್ನೂ ಅಹಂಕಾರವನ್ನೂ ಕೊಟ್ಟವು. ಲೋಕವೆಲ್ಲ ಅವರಿಗೆ ಬಿಡಿಸಿ ಬೇರ್ಪಡಿಸಬೇಕಾದ ಒಂದು ದೊಡ್ಡ ತುಪ್ಪಳದಂತೆ ಕಾಣುತ್ತಿತ್ತೆಂದೂ, ಮನುಷ್ಯರಲ್ಲಿ ಹೆಚ್ಚಿನವರು ತೊಡೆಯ ಭಾಗದವರೆಂದು ಅವರು ಮೊದಲೇ ತೀರ್ಮಾನಿಸಿದ್ದರೆಂದೂ ನನಗೆ ಅನ್ನಿಸುತ್ತದೆ. ಇಪ್ಪತ್ತಾರು ವರ್ಷ ಅವರ ಪಕ್ಕದ ಮನೆಯಲ್ಲಿದ್ದೆ, ಅಷ್ಟೇ ವರ್ಷ ಅವರ ಮಗಳ ಪಕ್ಕದ ಮೇಜಿನಲ್ಲಿ ದುಡಿದೆ. ಅವರನ್ನು ಇಷ್ಟಪಟ್ಟೆನೆಂದು ಹೇಳಲಾರೆ. ಆದರೆ ಅವರನ್ನು ಸರಿಯಾಗಿ ನೋಡಿದ್ದೇನೆಂದು ಹೇಳಬಲ್ಲೆ.

ಅವರು ನಡೆಯುವಾಗ ಬೀದಿಯ ಗೋಡೆಗೂ ತಮಗೂ ನಡುವೆ ಒಂದು ನಾಯಿಯಷ್ಟು ಜಾಗ ಬಿಟ್ಟು ನಡೆಯುತ್ತಿದ್ದರು. ಎಡಗೈ ಮೊಣಕೈಯವರೆಗೆ ದೇಹಕ್ಕೆ ಅಂಟಿ, ಅಂಗೈ ಕೆಳಮುಖವಾಗಿ, ಅದೃಶ್ಯವಾದ ಒಂದು ತಲೆಯ ಮೇಲೆ ಇಟ್ಟಂತೆ ಇರುತ್ತಿತ್ತು. ಮೂರನೆಯ ನೆಲ್ ಸತ್ತು ನಾಲ್ಕನೆಯದು ಬರುವ ನಡುವಿನ ಐದು ತಿಂಗಳೂ ಆ ಖಾಲಿ ಜಾಗವನ್ನು ಬಿಟ್ಟೇ ನಡೆದರು. ಜೊತೆಗೆ ಹೋಗುವವರು ತಾವಾಗಿಯೇ ಬಲಕ್ಕೆ ಸರಿಯುತ್ತಿದ್ದರು. ಮೈಮೇಲೆ ಕಂದುಬಣ್ಣದ ಒಂದೇ ಉದ್ದ ಕೋಟು. ಬೇಸಿಗೆಯಲ್ಲಿ ಗುಂಡಿ ಬಿಚ್ಚಿದ್ದು, ಚಳಿಗಾಲದಲ್ಲಿ ಹಾಕಿದ್ದು. ನಾಯಿಯ ಕೆಲಸಕ್ಕೆ ಕೂತಾಗ ಮಾತ್ರ ಅದನ್ನು ಕಳಚಿ, ಗಿರಣಿಯ ಕಾಲದ ನೀಲಿ ಚೌಕಳಿಯ ನಿಲುವಂಗಿಯನ್ನು ತೊಡುತ್ತಿದ್ದರು. ಆಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ನಮ್ಮ ನದಿಯ ಹೆಸರನ್ನೇ ಹೊತ್ತ ಆ ನಾಯಿಯ ಜಾತಿಯನ್ನು ಕುರಿತು ಎರಡು ಮಾತು ಹೇಳದೆ ಈ ಮನುಷ್ಯನನ್ನು ಹೇಳಲಾಗದು. ನೆಲದಡಿಯ ಬಿಲಕ್ಕೆ ನುಗ್ಗುವ ಪುಟ್ಟ ಟೆರಿಯರುಗಳ ವಂಶದಲ್ಲಿ ಹುಟ್ಟಿಯೂ ಯಾವ ಬಿಲಕ್ಕೂ ಹಿಡಿಸದಷ್ಟು ದೊಡ್ಡದಾಗಿ ಬೆಳೆದ ನಾಯಿ ಅದು. ಹೊಳೆಯ ಇಲಿ ಹಿಡಿಯಲೆಂದು ನಮ್ಮ ಅಜ್ಜಂದಿರು ಬೆಳೆಸಿದ್ದು. ಬೆನ್ನಿನ ಮೇಲೆ ಕರಿಯ ಜೀನು ಹಾಸಿದಂತೆ, ಉಳಿದ ಮೈ ಹುರಿದ ಕಾಫಿಯ ಕೆಂಚು, ಕೂದಲು ತಂತಿಯಂತೆ ಬಿರುಸು, ಗಲ್ಲದಲ್ಲಿ ವೃದ್ಧ ನ್ಯಾಯಾಧೀಶರ ಗಡ್ಡ. ಆಜ್ಞೆಯನ್ನು ಕೇಳಿದೊಡನೆ ಪಾಲಿಸುವುದಿಲ್ಲ. ಮೊದಲು ಅದನ್ನು ಪರಿಶೀಲಿಸುತ್ತದೆ. ಒಮ್ಮೆ ಹೇಳಿದರೆ ಅರ್ಥವಾಗುತ್ತದೆ, ಎರಡು ಸಲ ಹೇಳಿದರೆ ಅವಮಾನವಾಗುತ್ತದೆ, ಗದರಿದರೆ ಬೆನ್ನು ತಿರುಗಿಸಿ ಕೂತು ಒಂದು ದಿನ ಮಾತು ಬಿಡುತ್ತದೆ. ಬೇಸರವಾದರೆ ಕುರ್ಚಿಯ ಕಾಲು ಅಗಿಯುತ್ತದೆ. ದಿನಕ್ಕೆ ಐದು ಮೈಲಿ ನಡೆಸದಿದ್ದರೆ ತಾನೇ ನಡೆದು ಬರುತ್ತದೆ, ಬಾಗಿಲಿಗೆ ಚಿಲಕವಿದ್ದರೂ. ಎರಡನೆಯ ನೆಲ್ ಕಾಲುವೆಯಲ್ಲಿ ಇಲಿಯ ಬೆನ್ನು ಹತ್ತಿ ದೋಣಿಯೊಂದರ ಅಡುಗೆಕೋಣೆಯ ಮೂಲಕ ಹಾದು, ದಾರಿಯಲ್ಲಿ ಏನನ್ನೂ ಮುಟ್ಟದೆ ಆಚೆ ದಡಕ್ಕೆ ಏರಿತ್ತಂತೆ. ನಾಲ್ಕನೆಯದು ಒಂದು ಭಾನುವಾರ ಅಡುಗೆಮನೆಯಿಂದ ಇಡೀ ಕುರಿತೊಡೆಯನ್ನು ಬಾಯಲ್ಲಿ ಕಚ್ಚಿಕೊಂಡು, ಹಲ್ಲಿನ ಗುರುತೂ ಆಗದಂತೆ ಹೊತ್ತು ತಂದು, ಊಟಕ್ಕೆ ಕರೆದಿದ್ದ ಪಾದ್ರಿಗಳ ಬೂಟಿನ ಮೇಲೆ ಇಟ್ಟಿತು. "ನಿಮಗೇ ಮೊದಲು ಬಡಿಸ್ತಾ ಇದಾಳೆ," ಎಂದರು ಸಗ್ಡನ್, ನಗಲಿಲ್ಲ. ಆ ಮಾಂಸವನ್ನು ತೊಳೆದು ಎಲ್ಲರೂ ತಿಂದರು.

ಆರೈಕೆಯೆಂಬುದು ಆ ಮನೆಯಲ್ಲಿ ಒಂದು ನಿತ್ಯವಿಧಿ. ಬೆಳಿಗ್ಗೆ ಓಟ್ಸ್ ಗಂಜಿ, ಸಂಜೆ ಬೇಯಿಸಿದ ಬೋಟಿ. ಊಟವಾದೊಡನೆ ಗಡ್ಡ ತೊಳೆದು ಒರೆಸಬೇಕು, ಇಲ್ಲದಿದ್ದರೆ ಹುಳಿಯ ವಾಸನೆ ಹಿಡಿಯುತ್ತದೆ. ಕಾಲ್ಬೆರಳ ಸಂದಿಯ ಕೂದಲಲ್ಲಿ ಮಣ್ಣು ಗಂಟುಕಟ್ಟದಂತೆ ನೋಡಬೇಕು. ಸ್ನಾನ ವರ್ಷಕ್ಕೊಂದು, ಅದೂ ಅನಿವಾರ್ಯವಾದರೆ. ಸೋಪು ಬಿರುಸುಗೂದಲನ್ನು ಹತ್ತಿ ಮಾಡುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಮೇಲಿನ ಸತ್ತ ಕೂದಲನ್ನು ಕೈಯಿಂದ ಕೀಳುವ ಕೆಲಸ. ಈ ನಾಯಿ ತಾನಾಗಿ ಕೂದಲು ಉದುರಿಸುವುದಿಲ್ಲ. ಕಾಲ ಕೂಡಿದಾಗ ಕೂದಲು ಬುಡದಲ್ಲಿ ಸಡಿಲಗೊಳ್ಳುತ್ತದೆ. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಅದು ಬೆಳೆದ ದಿಕ್ಕಿನಲ್ಲೇ ಹಿಡಿದೆಳೆದರೆ ನೋವಿಲ್ಲದೆ ಕೈಗೆ ಬರುತ್ತದೆ, ಅಡಿಯಲ್ಲಿ ಹೊಸದು ಕಪ್ಪಾಗಿ ಮೊಳೆಯುತ್ತದೆ. ಕೀಳದೆ ಬಿಟ್ಟರೆ ಸತ್ತದ್ದು ಚರ್ಮದಲ್ಲಿ ಕೂತು ನವೆ ಏಳುತ್ತದೆ, ನಾಯಿ ತನ್ನನ್ನು ತಾನೇ ಕೆರೆದು ಹುಣ್ಣು ಮಾಡಿಕೊಳ್ಳುತ್ತದೆ. ಒಂದು ನಾಯಿಗೆ ಹತ್ತು ಹನ್ನೆರಡು ಗಂಟೆಯ ಕೆಲಸ. ವಾರಗಟ್ಟಲೆ ಹಂಚಿ ಮಾಡಬೇಕು. ಕತ್ತರಿ ಅಥವಾ ಯಂತ್ರ ಹಾಕಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಸತ್ತ ಬುಡ ಅಲ್ಲೇ ಉಳಿದು, ಬಣ್ಣ ಮಾಸಿ, ಬಿರುಸು ಹೋಗಿ, ಎರಡೇ ವರ್ಷದಲ್ಲಿ ಏರ್‌ಡೇಲ್ ಹಳೆಯ ಕಂಬಳಿಯಾಗುತ್ತದೆ. ಕತ್ತರಿಯ ವಿಷಯದಲ್ಲಿ ಸಗ್ಡನ್ನರದು ಮತಧರ್ಮದ ನಿಷ್ಠೆ. ಪ್ರಾರ್ಥನೆಗೆ ಬಾರದವನನ್ನು ಅವರು ಕ್ಷಮಿಸಬಲ್ಲರು, ನಾಯಿಗೆ ಕತ್ತರಿ ಹಾಕಿಸಿದವನ ಜೊತೆ ಮಾತಾಡುತ್ತಿರಲಿಲ್ಲ.

ಹಿತ್ತಿಲ ಕೋಣೆಯಲ್ಲಿ ಕಿಟಕಿಗೆ ಹತ್ತಿದಂತೆ ಒಂದು ಮೇಜಿತ್ತು. ಅದರ ಮೇಲೆ ನಾಯಿಯಲ್ಲದೆ ಬೇರೇನನ್ನೂ ಇಡುವಂತಿಲ್ಲ. ಆಲಿಸ್ ಬದುಕಿದ್ದಾಗ ಒಮ್ಮೆ ನನ್ನೊಡನೆ ಹೇಳಿದ್ದಳು: "ಇಪ್ಪತ್ತೆಂಟು ವರ್ಷದಿಂದ ಮಂಡಿ ಮೇಲೆ ಹಲಗೆ ಇಟ್ಕೊಂಡು ಹಿಟ್ಟು ಲಟ್ಟಿಸ್ತಾ ಇದೀನಿ ಕಣೇ. ನೆಲ್‌ಗೆ ಮೇಜು, ನಂಗೆ ಮಂಡಿ." ದೂರಿನ ದನಿಯಲ್ಲಲ್ಲ, ಹವಾಮಾನ ಹೇಳಿದಂತೆ. ಆ ಮೇಜಿನ ಬಳಿಗೆ ನೋರಾ ಒಂಬತ್ತನೆಯ ವಯಸ್ಸಿನಲ್ಲಿ ಹೋಗಿದ್ದಳು. ಅಪ್ಪ ಮಾಡುವುದನ್ನು ನೋಡಿ ನೋಡಿ ಕಲಿತು, ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಹತ್ತಿ ಎರಡನೆಯ ನೆಲ್‌ನ ಪಕ್ಕೆಯಲ್ಲಿ ಅಂಗೈಯಗಲ ಕೂದಲು ಕಿತ್ತಿದ್ದಳು. ಸಗ್ಡನ್ನರು ಬಂದು ನೋಡಿದರು. ಕೆಲಸ ಕೆಟ್ಟಿರಲಿಲ್ಲ, ಆದರೆ ಮಗುವಿನ ಎಡಗೈಗೆ ಸುಣ್ಣ ಹತ್ತಿತ್ತು. ಎಡಗೈಯಿಂದ ಕಿತ್ತರೆ ಕೂದಲು ದಿಕ್ಕು ತಪ್ಪಿ ಮೊಳೆಯುತ್ತದೆಂಬುದು ಈ ಕಣಿವೆಯ ನಾಯಿಯವರ ನಂಬಿಕೆ, ಯಾರೂ ಪರೀಕ್ಷಿಸದ ನಂಬಿಕೆ. ಅವರು ಅವಳನ್ನು ಎತ್ತಿ ನೆಲಕ್ಕೆ ಇಳಿಸಿ, "ಇದು ನಿನ್ನ ಕೈಗಲ್ಲ," ಎಂದರು. ಮೂವತ್ತೆರಡು ವರ್ಷ ಆ ಮಾತು ಆ ಮನೆಯಲ್ಲಿ ಕಾಯಿದೆಯಾಗಿ ನಿಂತಿತು. ಅದೇ ಎಡಗೈಯಿಂದ ಅವಳು ಗಿರಣಿಯಲ್ಲಿ ನೇಯ್ದ ಬಟ್ಟೆಯ ಗಂಟುಗಳನ್ನು ಚಿಮಟದಿಂದ ಆರಿಸಿ, ಕಡಿದ ಎಳೆಗಳನ್ನು ಸೂಜಿಯಿಂದ ಸೇರಿಸಿ, ನಮ್ಮ ವಿಭಾಗದ ನಲವತ್ತು ಹೆಂಗಸರಲ್ಲಿ ಮೊದಲಿಗಳೆನಿಸಿಕೊಂಡಳು. ಅಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದಂತೆ ತೋರಿಸಿಕೊಳ್ಳಲಿಲ್ಲ.

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರ ಕೈಗಳು ಸೋತವು. ಗಿಣ್ಣುಗಳು ಊದಿ, ಹೆಬ್ಬೆರಳು ತೋರುಬೆರಳು ಒಂದನ್ನೊಂದು ತಲುಪಲಾರದಾದವು. ಆ ವಸಂತದಲ್ಲಿ ನಾಲ್ಕನೆಯ ನೆಲ್ ಬೆನ್ನನ್ನು ಗೋಡೆಗೆ ಉಜ್ಜಿ ಉಜ್ಜಿ, ಸೊಂಟದ ಬಳಿ ರಕ್ತ ಬರುವಂತೆ ಮಾಡಿಕೊಂಡಿತು. ಸಗ್ಡನ್ನರು ಪ್ರತಿ ಭಾನುವಾರ ನಿಲುವಂಗಿ ತೊಟ್ಟು ಅರ್ಧ ಗಂಟೆ ಮೇಜಿನ ಮುಂದೆ ನಿಲ್ಲುತ್ತಿದ್ದರು. ಬರುತ್ತಿದ್ದುದು ಹತ್ತಿಪ್ಪತ್ತು ಕೂದಲು. ಆದರೂ ಮೇ ತಿಂಗಳು ಮುಗಿಯುವಷ್ಟರಲ್ಲಿ ನಾಯಿಯ ಮೈ ಚೊಕ್ಕವಾಯಿತು, ಹುಣ್ಣು ಮಾಯಿತು, ಬೆನ್ನು ಇದ್ದಿಲಿನಂತೆ ಕಪ್ಪಾಯಿತು. "ನೋಡು, ಕೈ ಇನ್ನೂ ಹೋಗಿಲ್ಲ," ಎಂದು ಅವರು ಬೇಲಿಯಾಚೆಯಿಂದ ನನಗೆ ನಾಯಿಯನ್ನು ತೋರಿಸಿದರು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರರಿಂದ ಎಂಟರವರೆಗೆ ಅವರು ಡಾಮಿನೋ ಆಡಲು ಕ್ಲಬ್ಬಿಗೆ ಹೋದಾಗ ಆ ಮೇಜಿನ ಮುಂದೆ ಯಾರು ನಿಲ್ಲುತ್ತಿದ್ದರೆಂದು ನನಗೆ ಗೊತ್ತಿತ್ತು. ಕೂದಲನ್ನು ಒಲೆಗೆ ಹಾಕಿದರೆ ವಾಸನೆ ಹೇಳಿಬಿಡುತ್ತದೆಂದು ನೋರಾ ಅದನ್ನು ಕಾಗದದ ಚೀಲದಲ್ಲಿ ಗಿರಣಿಗೆ ತರುತ್ತಿದ್ದಳು; ನಾನದನ್ನು ರದ್ದಿ ಉಣ್ಣೆಯ ತೊಟ್ಟಿಗೆ ಸುರಿಯುತ್ತಿದ್ದೆ. ಎಲ್ಲೋ ಯಾರೋ ನೆಲ್ ಬೆರೆತ ಕಂಬಳಿಯನ್ನು ಹೊದ್ದು ಮಲಗಿರಬಹುದು.

"ಹೇಳಿಬಿಡೇ ಅವರಿಗೆ," ಎಂದೆ ಒಮ್ಮೆ.

"ಏನಂತ? ನಿಮ್ಮ ಕೈ ಹೋಯ್ತು ಅಂತಾನಾ?" ಎಂದಳು ನೋರಾ. "ನಾಯಿಗೆ ನವೆ, ಅಪ್ಪಂಗೆ ಜಂಬ. ಎರಡಕ್ಕೂ ಇದೊಂದೇ ಔಷಧ."

ಹೀಗೆ ಎರಡು ವರ್ಷ. ಎರಡನೆಯ ಚಳಿಗಾಲದಲ್ಲಿ ಅವರ ಎದೆಯಲ್ಲಿ ಸದ್ದು ಶುರುವಾಯಿತು. ಉಣ್ಣೆಯ ಧೂಳು ಕುಡಿದ ಎದೆಗಳಲ್ಲಿ ಕೇಳುವ, ಹಳೆಯ ತಿದಿಯಂಥ ಸದ್ದು. ಇನ್ನೊಂದು ಚಳಿಗಾಲ ಕಾಣಲಾರಿರೆಂದು ಡಾಕ್ಟರು ನೇರವಾಗಿ ಹೇಳಿದರು, ಏಕೆಂದರೆ ಸಗ್ಡನ್ನರು ನೇರವಾಗಿ ಕೇಳಿದ್ದರು. ಮನೆಗೆ ಬಂದವರು ತಮ್ಮ ಬಗ್ಗೆ ಒಂದು ಮಾತೂ ಆಡದೆ, "ನೆಲ್‌ಗೆ ಈಗ ಆರು. ಇನ್ನೂ ಆರು ವರ್ಷ ಇರ್ತಾಳೆ. ಒಂದು ಮನೆ ನೋಡ್ಬೇಕು," ಎಂದರು. ನೋರಾ ಎದುರಿಗೇ ಆಲೂಗಡ್ಡೆ ಸುಲಿಯುತ್ತ ಕುಳಿತಿದ್ದಳು. ಅವಳೊಂದು ಮನೆಯೆಂದಾಗಲಿ, ಅವಳಿಗೊಂದು ಕೈಯಿದೆಯೆಂದಾಗಲಿ ಅವರಿಗೆ ಹೊಳೆಯಲಿಲ್ಲ.

ಆ ವಸಂತದಲ್ಲಿ ನೆಲ್ ಅನ್ನು ನೋಡಲು ಮೂವರು ಬಂದರು. ವಧುವನ್ನು ನೋಡಲು ಬಂದವರನ್ನು ತಂದೆ ನೋಡುವಂತೆ ಸಗ್ಡನ್ನರು ಅವರನ್ನು ನೋಡಿದರು. ಮೊದಲನೆಯವನು ಮೇಲಿನ ಬೀದಿಯ ಮಾಂಸದಂಗಡಿಯವನು. ಧಾರಾಳಿ, ಬೋಟಿಗೆ ಕೊರತೆಯಿಲ್ಲ. "ಬೇಸಿಗೇಲಿ ಒಂದ್ಸಲ ಯಂತ್ರ ಓಡಿಸಿದ್ರಾಯ್ತು ಬಿಡಿ ಯಜಮಾನ್ರೇ, ಪಾಪ, ತಂಪಾಗಿರ್ತದೆ," ಎಂದ. ಸಗ್ಡನ್ನರು ಎದ್ದು ಬಾಗಿಲು ತೆರೆದು ಹಿಡಿದರು. ಎರಡನೆಯವರು ವೈದ್ಯರೊಬ್ಬರ ಹೆಂಡತಿ. ವಾರಕ್ಕೆರಡು ಸಲ ಸ್ನಾನ ಮಾಡಿಸುತ್ತೇನೆ, ಗುಲಾಬಿಯ ಸೋಪಿದೆ ಎಂದರು. ಬಾಗಿಲು ಮತ್ತೆ ತೆರೆಯಿತು. ಮೂರನೆಯವನು ಹೊಲಗದ್ದೆಯವನು, ಒಳ್ಳೆಯವನು, ಕತ್ತರಿಯ ಮಾತೆತ್ತಲಿಲ್ಲ, ಸೋಪಿನ ಮಾತೆತ್ತಲಿಲ್ಲ. ಸಗ್ಡನ್ನರು ಅವನ ಕೈಯನ್ನು ನಾಯಿಯ ಬೆನ್ನಿನ ಮೇಲಿಟ್ಟು, "ಮಾಗಿರೋ ಕೂದಲು ಯಾವ್ದು ಹೇಳು," ಎಂದರು. ಅವನು ಒಂದು ಗುಪ್ಪೆ ಹಿಡಿದು ಜಗ್ಗಿದ. ನೆಲ್ ತಿರುಗಿ ಅವನ ಮುಖವನ್ನು ಬಹಳ ಹೊತ್ತು ನೋಡಿತು. ಬಾಗಿಲು ತೆರೆಯಿತು.

ಆಮೇಲೆ ಅವರು ಪಶುವೈದ್ಯರಿಗೆ ಬರಹೇಳಿದರು. ಈಸ್ಟರಿನ ಏಳು ವಾರದ ಮೇಲೆ ಬರುವ ವಿಟ್ಸನ್ ಹಬ್ಬ ಕಳೆದ ಬುಧವಾರ ಬಂದು ನಾಯಿಗೆ ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಬೇಕು; ಆರೋಗ್ಯವಂತ ನಾಯಿ, ಆರು ವರ್ಷದ್ದು. "ಕಂಬಳಿಯಾಗಿ ಬದುಕೋದಕ್ಕಿಂತ ನೆಲ್ ಆಗೇ ಹೋಗ್ಲಿ," ಎಂದರಂತೆ. ಪಶುವೈದ್ಯರು ವಾದಿಸಿ ಸೋತು ದಿನ ಬರೆದುಕೊಂಡು ಹೋದರು.

ಮಾರನೆಯ ದಿನ ಗಿರಣಿಯಲ್ಲಿ ನೋರಾ ಮಧ್ಯಾಹ್ನದವರೆಗೆ ಬಿಡುವಿಲ್ಲದೆ ದುಡಿದಳು. ಬ್ರೆಡ್ಡು ಬಿಚ್ಚುವಾಗ ನನಗೆ ತಡೆಯಲಾಗಲಿಲ್ಲ.

"ಇವತ್ತೇ ಹೋಗಿ ಹೇಳು. ನಾನು ನೋಡ್ಕೋತೀನಿ ಅನ್ನು. ಎರಡು ವರ್ಷದಿಂದ ನಾನೇ ಮಾಡ್ತಾ ಇರೋದು ಅನ್ನು."

"ಅವರು ಕೇಳಲಿ."

"ನೋರಾ, ಒಂದು ಜೀವ ಹೋಗುತ್ತೆ."

"ಗೊತ್ತು," ಎಂದಳು. "ಊರೋರನ್ನೆಲ್ಲ ಕರೆಸಿ ಕೇಳಿದ್ರು. ಮಾಂಸದಂಗಡಿಯವನನ್ನ ಕೇಳಿದ್ರು. ಆ ಮೇಜಿಂದ ನನ್ನ ಇಳಿಸಿದೋರು ಅವರು. ಹತ್ತಿಸೋರೂ ಅವರೇ ಆಗ್ಬೇಕು. ನಾನಾಗಿ ಹತ್ತಲ್ಲ." ಬ್ರೆಡ್ಡನ್ನು ಹಾಗೆಯೇ ಸುತ್ತಿ ಚೀಲಕ್ಕಿಟ್ಟಳು.

ನಾನು ಹೇಳಬಹುದಿತ್ತು. ಆದರೆ ಯಾರಿಗೂ ಹೇಳೆನೆಂದು ನೋರಾಳಿಗೆ ಮಾತು ಕೊಟ್ಟಿದ್ದೆ, ಮಾತು ಮುರಿಯುವವಳಲ್ಲವೆಂಬ ಹೆಮ್ಮೆ ನನಗೂ ಇತ್ತು. ಹೀಗೆ ಮೂವರ ಅಭಿಮಾನದ ನಡುವೆ ಒಂದು ನಾಯಿ, ತನ್ನ ಗಡ್ಡ ಒರೆಸಿಸಿಕೊಂಡು, ದಿನಕ್ಕೆ ಐದು ಮೈಲಿ ನಡೆದು, ನೆಮ್ಮದಿಯಾಗಿ ಬುಧವಾರದ ಕಡೆಗೆ ಸಾಗುತ್ತಿತ್ತು.

ಹಬ್ಬದ ಹಿಂದಿನ ಶುಕ್ರವಾರ ಆಟ್ಲಿಯಿಂದ ವಿಲಿಯಂ ಥ್ಯಾಕ್ರೆಯವರು ಬಂದರು, ನೆಲ್‌ಗೆ ವಿದಾಯ ಹೇಳಲೆಂದು. ಸಗ್ಡನ್ನರಿಗಿಂತ ಎರಡು ವರ್ಷ ದೊಡ್ಡವರು. ನಲವತ್ತು ವರ್ಷ ಪ್ರದರ್ಶನಗಳಲ್ಲಿ ಪರಸ್ಪರ ಸೋಲಿಸಿಕೊಂಡು, ಹಾಗಾಗಿ ಸ್ನೇಹಿತರಾದವರು. ಅಂದು ಡಾಮಿನೋ ಇಲ್ಲ. ನಾನು ಎರವಲು ತಂದಿದ್ದ ಹೂಜಿಯನ್ನು ಹಿಂದಿರುಗಿಸಲು ಹೋಗಿದ್ದೆ. ನೋರಾ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿಯ ಸದ್ದು ಕೇಳುತ್ತಿತ್ತು. ಥ್ಯಾಕ್ರೆಯವರು ತಾವು ತಂದ ಹಂದಿಮಾಂಸದ ಪೈಯಲ್ಲಿ ಅರ್ಧವನ್ನು ನಾಯಿಗೆ ಕೊಟ್ಟು, ಅದು ತಿನ್ನುವಾಗ ಅದರ ಬೆನ್ನಿನ ಮೇಲೆ ಕೈಯಾಡಿಸಿದರು. ಕೈ ನಿಂತಿತು. ಕನ್ನಡಕ ಹಾಕಿಕೊಂಡರು.

"ಕ್ಲೆಮ್, ಇವಳ ಮೈ ಯಾರು ಮಾಡಿದ್ದು?"

"ಯಾರು ಮಾಡ್ತಾರೆ? ನಾನೇ."

"ನಿನ್ನ ತಲೆ. ಕೈ ತೋರ್ಸು."

"ನನ್ನ ಕೈ ನಿಂಗ್ಯಾಕೆ?"

"ಅದರಲ್ಲಿ ಟೀ ಲೋಟ ನಿಲ್ಲಲ್ಲ, ಕೂದಲು ಕೀಳ್ತೀಯಾ? ನೋಡಯ್ಯಾ ಇಲ್ಲಿ. ಇದು ಕಿತ್ತಿದ್ದಲ್ಲ, ಆರಿಸಿದ್ದು. ಒಂದೊಂದೇ ಎಳೆ, ಬಟ್ಟೆಯಿಂದ ಗಂಟು ಆರಿಸ್ತಾರಲ್ಲ, ಹಾಗೆ." ನಾಯಿಯನ್ನು ಮೆಲ್ಲಗೆ ತಿರುಗಿಸಿದರು. "ಇನ್ನೊಂದು ಹೇಳ್ತೀನಿ. ನೀನು ಬಲಗೈಯೋನು. ನಿನ್ನ ನಾಯಿಗಳಿಗೆ ಎಡಪಕ್ಕೆ ಚೊಕ್ಕ, ಬಲಪಕ್ಕೆ ಯಾವಾಗ್ಲೂ ಸ್ವಲ್ಪ ಸಡ್ಲ. ಆ ಬಲಪಕ್ಕೆ ನೋಡ್ಕೊಂಡೇ ನಾನು ನಿನ್ನ ಐದು ಸಲ ಸೋಲ್ಸಿದ್ದು. ಇವಳಿಗೆ ಬಲಪಕ್ಕೆ ಕನ್ನಡಿ ಇದ್ದಂಗಿದೆ. ಇದು ಎಡಗೈ ಕೆಲಸ ಕಣೋ. ಇಷ್ಟು ವರ್ಷದಲ್ಲಿ ಇಂಥ ಮೈ ನಾನು ನೋಡಿಲ್ಲ. ಯಾರಿದಾರೆ ನಿನ್ನ ಮನೇಲಿ ಎಡಗೈಯೋರು?"

ಒಳಗೆ ನಲ್ಲಿಯ ಸದ್ದು ನಿಂತಿತು.

ಸಗ್ಡನ್ನರು ಅಡುಗೆಮನೆಯ ಕಡೆ ತಿರುಗಲಿಲ್ಲ. ನಾಯಿಯ ಬಲಪಕ್ಕೆಯ ಮೇಲೆ ತಮ್ಮ ಊದಿದ ಬೆರಳನ್ನಿಟ್ಟು, ಅಪರಿಚಿತರ ಕೋಟನ್ನು ನೋಡುವಂತೆ ಕಣ್ಣನ್ನು ಬೇರೆಲ್ಲೋ ನೆಟ್ಟು, ಭುಜದಿಂದ ಸೊಂಟದವರೆಗೆ ಎಳೆದರು, ಮತ್ತೊಮ್ಮೆ ಎಳೆದರು. ಅಷ್ಟು ವೃದ್ಧರಾಗಿ ಅವರು ನನಗೆ ಅದಕ್ಕೆ ಮುನ್ನ ಎಂದೂ ಕಂಡಿರಲಿಲ್ಲ. ಕೊನೆಗೆ, "ಟೀ ಆರ್ತಾ ಇದೆ ವಿಲ್ಲಿ," ಎಂದರು.

ಶನಿವಾರ ಬೆಳಿಗ್ಗೆ ಅವರು ನಾಯಿಯನ್ನು ಬಿಟ್ಟು ಒಬ್ಬರೇ ಹೊರಗೆ ಹೋದರು, ಬೆಟ್ಟದಂಥ ಆ ಬೀದಿಯಲ್ಲಿ ಪ್ರತಿ ಹತ್ತು ಹೆಜ್ಜೆಗೆ ಗೋಡೆ ಹಿಡಿದು ನಿಲ್ಲುತ್ತ. ಒಂದೂವರೆ ಗಂಟೆಯ ಮೇಲೆ ಬೂದುಬಣ್ಣದ ಮುಖ ಹೊತ್ತು ಹಿಂದಿರುಗಿದರು. ಪಶುವೈದ್ಯರಲ್ಲಿಗೆ ಹೋಗಿ ಸಮಯ ಖಚಿತಪಡಿಸಿಕೊಂಡು ಬಂದರೆಂದು ನೋರಾ ತಿಳಿದಳು. ಭಾನುವಾರ ನಿಲುವಂಗಿ ತೊಡಲಿಲ್ಲ, ಮೇಜಿನ ಬಳಿಗೆ ಸುಳಿಯಲಿಲ್ಲ. ಸೋಮವಾರ ಹಬ್ಬದ ಮೆರವಣಿಗೆ ನಮ್ಮ ಬಾಗಿಲ ಮುಂದೆ ಹಾದುಹೋಯಿತು. ತಂದೆ ಮಗಳು ಹೊಸ್ತಿಲ ಎರಡು ಅಂಚಿನಲ್ಲಿ ನಿಂತು, ನಡುವೆ ನಾಯಿಯನ್ನು ಕೂರಿಸಿಕೊಂಡು, ಒಬ್ಬರನ್ನೊಬ್ಬರು ನೋಡದೆ ಬ್ಯಾಂಡು ಕೇಳಿದರು. ಆ ಮೂರು ದಿನಗಳನ್ನು ನಾನು ಅವರಿಗೆ ಇಂದಿಗೂ ಕ್ಷಮಿಸಿಲ್ಲ.

ಮಂಗಳವಾರ ಸಂಜೆ ಆರು ಗಂಟೆಗೆ ಅವರು ಕ್ಲಬ್ಬಿಗೆ ಹೊರಡಲಿಲ್ಲ. ನಡೆದದ್ದನ್ನು ನೋರಾ ಮರುದಿನ ಗಿರಣಿಯಲ್ಲಿ ನನಗೆ ಹೇಳಿದಳು. ಒಂದೇ ಉಸಿರಿಗೆ, ಕೆಲಸದಿಂದ ಕಣ್ಣೆತ್ತದೆ. ಅವರು ಹಿತ್ತಿಲ ಕೋಣೆಗೆ ಹೋಗಿ ಕಿಟಕಿಯ ಪರದೆ ಸರಿಸಿದರಂತೆ. ನೆಲ್ ತಾನೇ ಮೇಜಿಗೆ ಹಾರಿತಂತೆ. ಮಂಗಳವಾರವಲ್ಲವೆ, ಅದಕ್ಕೆ ಅಭ್ಯಾಸ. ಹಾರಿ, ಬಲಪಕ್ಕೆಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ನಿಂತಿತಂತೆ. ಅಪ್ಪ ಅದನ್ನು ನೋಡಿ, ಸೀಮೆಸುಣ್ಣದ ಡಬ್ಬಿಯನ್ನು ಎಂದಿನ ಬಲತುದಿಯಿಂದ ಎತ್ತಿ ಮೇಜಿನ ಎಡತುದಿಗೆ ಇಟ್ಟು, ಬಾಗಿಲಲ್ಲಿ ನಿಂತ ಮಗಳಿಗೆ ಹೇಳಿದರಂತೆ: "ಭುಜದ ಮೇಲೆ ಕೂದಲು ಜಾಸ್ತಿ ಬಿಡ್ತಾ ಇದೀಯ."

"ನೀನೇನಂದೆ?" ಎಂದು ಕೇಳಿದೆ.

"ಬೆಳಕು ಬಿಟ್ಟು ನಿಂತ್ಕೊಳ್ಳಿ ಅಂದೆ."

"ಮತ್ತೆ?"

"ನಿಂತ್ಕೊಂಡ್ರು." ಅವಳು ಚಿಮಟವನ್ನು ಕೆಳಗಿಟ್ಟಳು. "ಅಷ್ಟೇ. ಎರಡು ಗಂಟೆ ಬೈದ್ರು. ಕುತ್ತಿಗೆ ಹಂಗಲ್ಲ, ಬಾಲ ಹಂಗಲ್ಲ, ನಿನ್ನ ತಲೆ, ನಿಮ್ಮಮ್ಮನ ತಲೆ ಅಂತ. ಎರಡು ಗಂಟೆ!" ಅಂದು ಅವಳು ಎರಡು ಗಜ ಬಟ್ಟೆ ಕೆಡಿಸಿದಳು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಪಶುವೈದ್ಯರಿಗೆ ಬರಬೇಡಿರೆಂದು ಸಗ್ಡನ್ನರು ತಿಳಿಸಿರಲಿಲ್ಲ, ಮಾತು ಹಿಂತೆಗೆದುಕೊಳ್ಳುವುದು ಅವರ ನಾಲಿಗೆಗೆ ಒಗ್ಗದ ಕೆಲಸ. ಬುಧವಾರ ಪಶುವೈದ್ಯರು ಚೀಲ ಹಿಡಿದು, ಮುಖ ಬಾಡಿಸಿಕೊಂಡು ಬಾಗಿಲು ತಟ್ಟಿದರು. "ಬನ್ನಿ ಡಾಕ್ಟ್ರೇ. ಉಗುರು ಸ್ವಲ್ಪ ಉದ್ದ ಆಗಿದೆ, ಅದೊಂದು ಕತ್ತರಿಸಿ ಹೋಗಿ," ಎಂದರು ಸಗ್ಡನ್. ದಿನವೂ ಕಲ್ಲುಹಾಸಿನ ಮೇಲೆ ಐದು ಮೈಲಿ ನಡೆಯುವ ನಾಯಿಗೆ ಕತ್ತರಿಸಲು ಉಗುರೆಲ್ಲಿ? ಪಶುವೈದ್ಯರು ನಾಲ್ಕು ಪಾದಗಳನ್ನೂ ಗಂಭೀರವಾಗಿ ಒಂದೊಂದಾಗಿ ಎತ್ತಿ ನೋಡಿ, "ಈಗ ಸರಿಯಾಯ್ತು," ಎಂದು ಹೇಳಿ ಚೀಲ ಮುಚ್ಚಿದರಂತೆ. ಒಳ್ಳೆಯ ಮನುಷ್ಯ.

ಬೇಸಿಗೆಯುದ್ದಕ್ಕೂ ವಾರಕ್ಕೆರಡು ಸಂಜೆ ಗೋಡೆಯಾಚೆ ಅವರ ಬೈಗುಳ ನನಗೆ ಕೇಳುತ್ತಿತ್ತು, ನಡುನಡುವೆ ಕೆಮ್ಮು, ಆಗೀಗ ನೋರಾಳ ತಿರುಗೇಟು. ಹೊಗಳಿಕೆ ಒಮ್ಮೆಯೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ನಿಲ್ಲಲಾರದೆ ಕುರ್ಚಿ ತರಿಸಿಕೊಂಡರು, ಅಕ್ಟೋಬರಿನಲ್ಲಿ ಮಾತು ಬಿಟ್ಟು ಬೆರಳಿನಿಂದ ತೋರಿಸಿದರು. ನವೆಂಬರ್ ಒಂಬತ್ತರಂದು, ನೆಲ್‌ನ ಶರತ್ಕಾಲದ ಕೂದಲು ಕೀಳುವ ಕೆಲಸ ಪೂರ್ತಿಯಾದ ವಾರ, ಮಧ್ಯಾಹ್ನದ ಊಟದ ಮೇಲೆ ಕುರ್ಚಿಯಲ್ಲೇ ತೀರಿಕೊಂಡರು.

ಈ ಕಣಿವೆಯಲ್ಲಿ ಇಂಥವರದೊಂದು ಪೀಳಿಗೆಯಿತ್ತು; ಈಗ ಮುಗಿಯುತ್ತ ಬಂದಿದೆ. ಒಂದು ಪ್ರಾಣಿಗೆ ಏನು ಬೇಕೆಂಬುದನ್ನು ಕೂದಲಿನ ಬುಡದವರೆಗೆ ಅರಿತವರು, ಒಂದೇ ಸೂರಿನಡಿ ಇದ್ದವರಿಗೆ ಏನು ಬೇಕೆಂದು ಕೇಳುವುದನ್ನು ಕಲಿಯದವರು. ಅವರನ್ನು ಕ್ರೂರಿಗಳೆನ್ನಲಾರೆ. ಕೆಲಸವನ್ನು ಚೆನ್ನಾಗಿ ಮಾಡುವುದೇ ಪ್ರೀತಿಯೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು, ಮತ್ತು ತಾವು ಚೆನ್ನಾಗಿ ಮಾಡಿದ ಪ್ರತಿಯೊಂದು ಕೆಲಸದ ಹಿಂದೆ ಮಂಡಿಯ ಮೇಲೆ ಹಿಟ್ಟು ಲಟ್ಟಿಸಿದ ಹೆಂಗಸೊಬ್ಬಳಿದ್ದಾಳೆಂಬುದನ್ನು ಕಾಣುವಷ್ಟು ಅವರ ಕಣ್ಣಿಗೆ ಬಿಡುವಿರಲಿಲ್ಲ. ಅವರ ಜೊತೆ ಬಾಳುವುದೆಂದರೆ ದಣಿಯುವುದು. ಅವರನ್ನು ಬದಲಿಸುವ ಆಸೆ ಬಿಟ್ಟ ಮೇಲೂ ದಣಿವು ಉಳಿಯುತ್ತದೆ. ಅವರು ತಿದ್ದಿಕೊಂಡರೆ ಅದನ್ನೂ ನಮಗೆ ತಿಳಿಸದೆಯೇ ತಿದ್ದಿಕೊಳ್ಳುತ್ತಾರೆ. ನಾವು ಅದನ್ನು ಅವರ ಪೆಟ್ಟಿಗೆಯಲ್ಲಿ ಹುಡುಕಿ ತೆಗೆಯಬೇಕಾಗುತ್ತದೆ.

ಅವರು ಬಿಟ್ಟುಹೋದದ್ದು ಇಷ್ಟು: ಕಂದುಬಣ್ಣದ ಕೋಟು ಒಂದು, ಜೇಬಿನ ತಳದಲ್ಲಿ ನಾಯಿಬಿಸ್ಕತ್ತಿನ ಪುಡಿ, ನೀಲಿ ಚೌಕಳಿಯ ನಿಲುವಂಗಿ ಎರಡು, ಚೌಕಟ್ಟು ಹಾಕಿದ ಚಿತ್ರಗಳು ಏಳು, ಏಳರಲ್ಲೂ ನಾಯಿಗಳು, ಒಂದರ ಅಂಚಿನಲ್ಲಿ ಹಗ್ಗ ಹಿಡಿದ ಆಲಿಸ್‌ಳ ಮೊಣಕೈ, ಗಿರಣಿಯವರು ಕೊಟ್ಟ ಗಡಿಯಾರ, ನಿಂತದ್ದು, ಒಂದು ಕಾಯಿ ಕಳೆದು ಅದರ ಬದಲು ಕೋಟಿನ ಗುಂಡಿಯಿಟ್ಟ ಡಾಮಿನೋ ಪೆಟ್ಟಿಗೆ, ಆರೂವರೆ ವರ್ಷದ ಹೆಣ್ಣು ಏರ್‌ಡೇಲ್ ಒಂದು, ಹಲ್ಲು ಪೂರ್ತಿ, ಮೈ ನಿರ್ಮಲ, ಮತ್ತು ಅಂಚೆ ಕಚೇರಿಯಲ್ಲಿ ಪಡೆದ ನಾಯಿಯ ಪರವಾನಗಿ ಚೀಟಿ, ಹಳೆಯದರ ಅವಧಿ ಮುಗಿಯಲು ಇನ್ನೂ ಏಳು ತಿಂಗಳಿದ್ದರೂ ಹೊಸದಾಗಿ ಮಾಡಿಸಿದ್ದು, ವಿಟ್ಸನ್ ಹಬ್ಬದ ಹಿಂದಿನ ಶನಿವಾರದ ಮುದ್ರೆಯದು, ನಾಯಿಯ ಒಡತಿಯ ಹೆಸರು ಕುಮಾರಿ ನೋರಾ ಸಗ್ಡನ್.